ಟಚ್‌ಪ್ಯಾಡಿನ ಮುಂದೆ ಹಲ್ಲುಮೇಸ್ತ್ರಿ

"ಒಂದೇ ಬೆರಳು ಭಾವ, ಒಂದೇ ಬೆರಳು ಇಡಿ!"

"ಒಂದೇ ಇಟ್ಟಿರೋದು! ನನಗೇನು ಎಣಿಸೋಕೆ ಬರಲ್ವಾ?"

"ಎರಡು ಬೀಳ್ತಿರೋದಕ್ಕೆ ತಾನೇ ಅದು ಗೆರೆ ಮುಗಿಸಿಬಿಡ್ತಿರೋದು?"

"ಹಾಗಾದ್ರೆ ಅದಕ್ಕೆ ಎಣಿಸೋಕೆ ಬರಲ್ಲ!"

ಮೂಲೆಯಲ್ಲಿ ಪಾಲಿಶ್ ಚಕ್ರದ ಮುಂದೆ ಕೂತಿದ್ದ ಹೆಂಡತಿ ಸ್ವಿಚ್ಚು ಆರಿಸಿದಳು. ಗಂಡನೂ ತಮ್ಮನೂ ಜಗಳಕ್ಕೆ ನಿಂತಾಗ ಚಕ್ರ ನಿಲ್ಲಿಸುವುದು ಅವಳ ರೂಢಿ. ಅದರ ಗುಂಯ್ ಸದ್ದಿನಲ್ಲಿ ಅರ್ಧ ಮಾತು ತಪ್ಪಿಹೋಗುತ್ತದೆ. ಆಮೇಲೆ ಇಬ್ಬರೂ ಒಬ್ಬೊಬ್ಬರಾಗಿ ಬಂದು ನ್ಯಾಯ ಕೇಳುವಾಗ ಅವಳಿಗೆ ಪೂರ್ತಿ ಗೊತ್ತಿರಬೇಕಲ್ಲ.

ಗಂಡನನ್ನು ಎಲ್ಲರೂ ಹಲ್ಲುಮೇಸ್ತ್ರಿ ಎನ್ನುತ್ತಿದ್ದರು. ಹಲ್ಲು ಕೀಳುವವರು, ಕೊರೆಯುವವರು, ತುಂಬುವವರು ಡಾಕ್ಟರು. ಆದರೆ ಕಿತ್ತ ಜಾಗಕ್ಕೆ ಹೊಸ ಹಲ್ಲನ್ನು ಡಾಕ್ಟರು ಮಾಡುವುದಿಲ್ಲ. ಅದಕ್ಕೆ ಬೇರೆ ಜನ ಇರುತ್ತಾರೆ; ಯಾವುದೋ ಹಿಂದಿನ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ, ಪ್ಲಾಸ್ಟರ್ ಧೂಳಿನ ನಡುವೆ. ಬಾಯಿಗೆ ಹಲ್ಲು ಹಾಕಿಸಿಕೊಂಡವರು ಡಾಕ್ಟರಿಗೆ ಕೈ ಮುಗಿದು ಹೋಗುತ್ತಾರೆಯೇ ಹೊರತು ಮಾಡಿದವನ ಮುಖ ನೋಡಿರುವುದಿಲ್ಲ. ಮೇಸ್ತ್ರಿಗೆ ಅದರ ಬೇಸರ ಇರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ ಅದು ತನ್ನ ಹಲ್ಲೇ ಇರಬಹುದು ಎಂದುಕೊಂಡು ಕೂರುತ್ತಿದ್ದ. ಒಮ್ಮೆ ಹಾಗೆ ದಿಟ್ಟಿಸಿ ನೋಡಿ ಒಬ್ಬ ಹೆಂಗಸಿನಿಂದ ಬೈಸಿಕೊಂಡೂ ಇದ್ದ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಒಬ್ಬ ಹಳೆಯ ಮೇಸ್ತ್ರಿಯ ಕೈಕೆಳಗೆ ಬಿದ್ದ. ಆ ಮನುಷ್ಯನದು ಮಾತು ಕಡಿಮೆ, ಪೆಟ್ಟು ಜಾಸ್ತಿ. ಮೇಣದ ಹಲ್ಲನ್ನು ಚಾಕುವಿನಿಂದ ಕೆತ್ತುವಾಗ ಕೈ ಗಾಳಿಯಲ್ಲಿ ತೇಲಬಾರದು. ಉಂಗುರ ಬೆರಳನ್ನು ಮೊದಲು ಅಚ್ಚಿನ ಮೇಲೆ ಊರಬೇಕು, ಆಮೇಲೆ ಚಾಕು ಮುಟ್ಟಿಸಬೇಕು. ಊರದೆ ಕೆತ್ತಿದರೆ ಚಾಕುವಿನ ಹಿಡಿಯಿಂದ ಗೆಣ್ಣಿನ ಮೇಲೆ ಒಂದು ಬೀಳುತ್ತಿತ್ತು. "ಊರು! ಊರಿ ಕೆತ್ತು!" ಬಿದ್ದು ಬಿದ್ದು ಆ ಬೆರಳು ಎಷ್ಟು ಕಲಿತುಬಿಟ್ಟಿತೆಂದರೆ ಆಮೇಲೆ ಅದು ಯಜಮಾನನ ಅಪ್ಪಣೆಗೆ ಕಾಯುವುದನ್ನೇ ಬಿಟ್ಟಿತು. ಸಹಿ ಹಾಕುವಾಗ ಊರುತ್ತಿತ್ತು, ಅಂಗಿಯ ಗುಂಡಿ ಹಾಕುವಾಗ ಊರುತ್ತಿತ್ತು. ಹೆಂಡತಿಯ ಕಣ್ಣಿಗೆ ಬಿದ್ದ ಕಸ ತೆಗೆಯುವಾಗ ಅವಳ ಕೆನ್ನೆಯ ಮೇಲೆ ಮೊದಲು ಹೋಗಿ ಕೂರುತ್ತಿದ್ದುದೂ ಅದೇ. ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಉಸಿರಾಡುವುದನ್ನು ಯಾರು ಗಮನಿಸುತ್ತಾರೆ?

ಭಾವಮೈದ ಈ ಮನೆಗೆ ಬಂದದ್ದು ಪ್ಲಾಸ್ಟರ್ ಕಲಸಲು. ಅದಕ್ಕೂ ಮೊದಲು ಒಂದು ಮುದ್ರಣದ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವನು. ಆ ಅಂಗಡಿ ಮುಚ್ಚಿತು. ಅಕ್ಕ ಕರೆದಳು, ಬಂದ. ರಬ್ಬರಿನ ಬಟ್ಟಲಲ್ಲಿ ಪ್ಲಾಸ್ಟರ್ ಕಲಸುತ್ತಾ, ಅಚ್ಚಿಗೆ ಸುರಿಯುತ್ತಾ, ಒಣಗಿದ ಮೇಲೆ ಅಂಚು ತೇಯುತ್ತಾ ವರ್ಷಗಟ್ಟಲೆ ಕಿಟಕಿಯಿಂದ ದೂರ, ನಲ್ಲಿಯ ಪಕ್ಕ ನಿಂತ. ಕಿಟಕಿಯ ಪಕ್ಕದ ಕುರ್ಚಿ ಮೇಸ್ತ್ರಿಯದು. ಹಲ್ಲಿನ ಬಣ್ಣ ಹೊಂದಿಸಲು ಬಿಸಿಲಿಲ್ಲದ ಬೆಳಕು ಬೇಕು, ಆ ಬೆಳಕು ಅಲ್ಲಿ ಮಾತ್ರ ಬೀಳುತ್ತಿತ್ತು. ಆ ಕುರ್ಚಿಯಲ್ಲಿ ಮೇಸ್ತ್ರಿ ಹೆಂಡತಿಯನ್ನೂ ಕೂರಲು ಬಿಟ್ಟವನಲ್ಲ.

ಎಲ್ಲ ಹದಗೆಟ್ಟದ್ದು ಡಾಕ್ಟರಮ್ಮ ಹೊಸ ಕ್ಯಾಮೆರಾ ತಂದಾಗ. ಮೇಸ್ತ್ರಿಗೆ ಹೆಚ್ಚು ಕೆಲಸ ಕೊಡುತ್ತಿದ್ದದ್ದು ಅವರೇ. ಹಲ್ಲುಜ್ಜುವ ಬ್ರಷ್ಷಿಗಿಂತ ಸ್ವಲ್ಪ ದಪ್ಪನೆಯ ಕ್ಯಾಮೆರಾ ಅದು; ಬಾಯಿಯೊಳಗೆ ಒಂದು ಸುತ್ತು ಆಡಿಸಿದರೆ ಹಲ್ಲಿನ ಚಿತ್ರವೆಲ್ಲ ಕಂಪ್ಯೂಟರಿಗೆ ಬಂದುಬಿಡುತ್ತದೆ. ಅಚ್ಚು ಬೇಡ, ಪ್ಲಾಸ್ಟರ್ ಬೇಡ, ಮೇಣವೂ ಬೇಡ. ಹಲ್ಲು ಮಾಡುವವನು ಲ್ಯಾಪ್‌ಟಾಪಿನಲ್ಲಿ ಆ ಚಿತ್ರ ತೆರೆದು, ಮೇಲೆ ಹೊಸ ಹಲ್ಲು ತೊಡಿಸಲು ಡಾಕ್ಟರು ತೇದ ಹಲ್ಲು ಎಲ್ಲಿ ಮುಗಿದು ಒಸಡು ಎಲ್ಲಿ ಶುರುವಾಗುತ್ತದೋ ಅಲ್ಲಿ ಸುತ್ತಲೂ ಚುಕ್ಕಿ ಚುಕ್ಕಿ ಇಟ್ಟು ಅಂಚಿನ ಗೆರೆ ಎಳೆಯಬೇಕು. ಆ ಗೆರೆಯನ್ನು ಕಟಿಂಗ್ ಸೆಂಟರಿಗೆ ಕಳಿಸಿದರೆ ಅಲ್ಲಿಯ ಮೆಷೀನು ಬಿಳಿ ಇಟ್ಟಿಗೆಯಂಥ ತುಂಡಿನಿಂದ ಹಲ್ಲು ಕೊರೆದು ಕಳಿಸುತ್ತದೆ. ಬಣ್ಣ ಕೊಡುವುದು, ಹೊಳಪು ತರುವುದು ಮತ್ತೆ ಇವರ ಪಾಲಿಗೆ.

ಲ್ಯಾಪ್‌ಟಾಪ್ ಬಂತು. ಕೋಣೆಯಲ್ಲಿ ಖಾಲಿ ಪ್ಲಗ್ಗು ಇದ್ದದ್ದು ಕಿಟಕಿಯ ಕೆಳಗೆ ಒಂದೇ. ಹಾಗಾಗಿ ಲ್ಯಾಪ್‌ಟಾಪ್ ಹೋಗಿ ಕೂತದ್ದು ಮೇಸ್ತ್ರಿಯ ಮೇಜಿನ ಮೇಲೆ, ಮೇಸ್ತ್ರಿಯ ಕುರ್ಚಿಯ ಮುಂದೆ.

ಮೊದಲು ಮೌಸ್ ಇತ್ತು. ಅದರ ಹೊಟ್ಟೆಗೆ ಪ್ಲಾಸ್ಟರ್ ಪುಡಿ ಹೋಗಿ ಅದು ಸತ್ತಿತು. ಎರಡನೆಯದು ಬಂತು, ಅದನ್ನು ಗೋಡೆಗೆ ಅಪ್ಪಳಿಸಿದವನು ಮೇಸ್ತ್ರಿಯೇ. "ಇನ್ನು ಈ ಮನೆಗೆ ಇಲಿ ಬರಕೂಡದು!" ಎಂದು ಅವನು ಅಬ್ಬರಿಸಿದ್ದನ್ನು ಎದುರುಮನೆಯ ಟೈಲರು ಈಗಲೂ ಹೇಳಿ ನಗುತ್ತಾನೆ. ಆಡಿದ ಮಾತನ್ನು ನುಂಗುವ ಪೈಕಿಯವನಲ್ಲ ಮೇಸ್ತ್ರಿ. ಉಳಿದದ್ದು ಲ್ಯಾಪ್‌ಟಾಪಿನಲ್ಲೇ ಇರುವ ಆ ಕಪ್ಪು ಚೌಕ, ಟಚ್‌ಪ್ಯಾಡು.

ಭಾವಮೈದ ಅದನ್ನು ಹೇಳಿಕೊಟ್ಟದ್ದು ಮಗ್ಗಿ ಹೇಳಿಸಿದ ಹಾಗೆ. "ಒಂದು ಬೆರಳು ಒತ್ತಿದ್ರೆ ಚುಕ್ಕಿ ಬೀಳತ್ತೆ. ಎರಡು ಬೆರಳು ಒತ್ತಿದ್ರೆ ಗೆರೆ ಮುಗೀತು ಅಂತ. ಎರಡು ಬೆರಳು ಅಗಲಿಸಿದ್ರೆ ಹಲ್ಲು ದೊಡ್ಡದಾಗತ್ತೆ, ಹತ್ತಿರ ತಂದ್ರೆ ಚಿಕ್ಕದು. ಮೂರು ಬೆರಳು ಮಾತ್ರ ಇಡಲೇಬೇಡಿ ಭಾವ, ಎಲ್ಲಾ ಮಾಯ ಆಗಿಬಿಡತ್ತೆ."

ಮೇಸ್ತ್ರಿಗೆ ಬಾಯಿಪಾಠ ಆಯಿತು. ಕೈಗೆ ಮಾತ್ರ ಹತ್ತಲಿಲ್ಲ. ಬಾಣದ ಗುರುತನ್ನು ಅಂಚಿನವರೆಗೆ ಒಯ್ಯುತ್ತಿದ್ದ, ಅಲ್ಲಿಯವರೆಗೆ ಎಲ್ಲವೂ ಸರಿ. ಚುಕ್ಕಿ ಇಡಬೇಕು ಎನ್ನುವ ಗಳಿಗೆಯಲ್ಲಿ ಟಕ್ ಎಂದು ಗೆರೆ ಮುಗಿದುಬಿಡುತ್ತಿತ್ತು. ಇಡೀ ಹಲ್ಲನ್ನು ಸುತ್ತಬೇಕಾದ ಗೆರೆ ಮೂಲೆಯಲ್ಲಿ ಸಾಸಿವೆಯಷ್ಟು ಮುದುಡಿ ಕೂರುತ್ತಿತ್ತು. ಅಳಿಸಿ ಮತ್ತೆ ಇಡುವಷ್ಟರಲ್ಲಿ ಹಲ್ಲು ಗುಡ್ಡದಷ್ಟು ಊದಿಕೊಂಡು ಪರದೆಯಿಂದಾಚೆ ಹೊರಟಿರುತ್ತಿತ್ತು. ಮೇಸ್ತ್ರಿ "ಏಯ್, ಎಲ್ಲಿಗೆ? ನಿಂತ್ಕೋ!" ಎಂದು ಅದನ್ನು ಗದರಿಸುತ್ತಿದ್ದ. ಭಾವಮೈದ ಕನ್ನಡಕದ ಬಟ್ಟೆ ತೆಗೆದು ಟಚ್‌ಪ್ಯಾಡು ಒರೆಸಿ, ಸರಸರನೆ ಸುತ್ತಲೂ ಚುಕ್ಕಿ ಇಟ್ಟು, ಕೊನೆಗೆ ಎರಡು ಬೆರಳು ಒತ್ತಿ ಗೆರೆ ಮುಗಿಸಿಬಿಡುತ್ತಿದ್ದ. ನೋಡುತ್ತಾ ನಿಂತ ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಮೇಣದಲ್ಲಿ ತಾನು ಕಣ್ಣು ಮುಚ್ಚಿ ಮಾಡುವ ಕೆಲಸವನ್ನು ಪ್ಲಾಸ್ಟರ್ ಕಲಸುವವನು ಗಾಜಿನ ಮೇಲೆ ಮಾಡಿ ತೋರಿಸುತ್ತಿದ್ದಾನೆ!

ಆ ದಿನದ ಒಂದೇ ಬೆರಳಿನ ಜಗಳ ಹಾಗೆ ಎದ್ದದ್ದು. ಕೈಗೆ ಸಿಕ್ಕ ಮೇಣದ ಡಬ್ಬಿಯನ್ನು ಮೇಸ್ತ್ರಿ ನೆಲಕ್ಕೆ ಕುಕ್ಕಿದ. ಭಾವಮೈದ ಡಬ್ಬಿ ಎತ್ತಿಟ್ಟು ಮೆತ್ತಗೆ ಶುರು ಮಾಡಿದ.

"ಭಾವ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಬರೋದೆಲ್ಲ ಇದೇ ಕೆಲಸ. ನಾನು ಇಲ್ಲಿ ಕೂರ್ತೀನಿ. ಹಳೇ ಥರ ಅಚ್ಚು ಬಂದ್ರೆ ನೀವು ಆ ಕಡೆ..."

"ಆ ಕಡೆ ಅಂದ್ರೆ?"

"ನಲ್ಲಿ ಹತ್ತಿರ."

"ಪ್ಲಾಸ್ಟರ್ ಕಲಸಬೇಕಾ ನಾನು? ನನ್ನ ಮನೇಲಿ, ನಿನ್ನ ಕೈಕೆಳಗೆ?"

ಹೆಂಡತಿ ನಡುವೆ ಬಾಯಿ ಹಾಕಿದಳು. "ಕೈಕೆಳಗೆ ಅಂತ ಯಾರಂದ್ರು? ಆಗ್ತಿಲ್ಲ ಅಂದ್ರೆ ಆಗ್ತಿಲ್ಲ. ದಿನಾ ಈ ಕೂಗಾಟ ಕೇಳಿ ನನಗೂ ಸಾಕಾಗಿದೆ."

"ಓಹೋ! ತಮ್ಮನ ಪಕ್ಷ!"

"ನನ್ನ ಕಿವಿ ಪಕ್ಷ."

ಮೇಸ್ತ್ರಿ ಎದ್ದು ನಿಂತ. ಸಿಟ್ಟು ಬಂದಾಗ ಅವನ ಬಾಯಿಂದ ಬರುವ ಮಾತಿಗೆ ಅವನೇ ಆಮೇಲೆ ಜಾಮೀನು ನಿಲ್ಲಬೇಕಾಗುತ್ತಿತ್ತು. "ಶನಿವಾರ ಡಾಕ್ಟರಮ್ಮನಿಂದ ಯಾರದೋ ಮುಂದಿನ ಹಲ್ಲಿನ ಕೆಲಸ ಬರತ್ತಲ್ಲ? ಅದನ್ನ ನಾನೊಬ್ಬನೇ ಮಾಡ್ತೀನಿ. ನೀನು ಹತ್ತಿರ ಬರಕೂಡದು. ಮಾಡಿ ಕಳಿಸದೇ ಇದ್ರೆ ಈ ಕುರ್ಚಿ ನಿಂದು. ನಾನು ನಲ್ಲಿ ಹತ್ತಿರ ನಿಲ್ತೀನಿ. ಆಯ್ತಾ?"

"ಭಾವ, ಹಾಗಲ್ಲ..."

"ಆಯ್ತಾ ಅಂದೆ!"

"ಆಯ್ತು" ಎಂದ ಭಾವಮೈದ, ಸ್ವಲ್ಪ ಬೇಗನೆ.

ಶನಿವಾರ ಭಾವಮೈದ ಬೆಳಿಗ್ಗೆಯೇ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನು ಇಲ್ಲದ್ದರಿಂದ ಹಳೆಯ ಥರದ ಒಂದು ಅಚ್ಚಿಗೆ ಪ್ಲಾಸ್ಟರನ್ನು ಮೇಸ್ತ್ರಿಯೇ ಕಲಸಿ ಸುರಿಯಬೇಕಾಯಿತು. ಅಷ್ಟು ಮುಗಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಲ್ಯಾಪ್‌ಟಾಪ್ ಮುಂದೆ ಕೂತ. ಡಾಕ್ಟರಮ್ಮ ಕಳಿಸಿದ ಚಿತ್ರ ಬಂದಿತ್ತು. ರೇಡಿಯೊದಲ್ಲಿ ವಾರ್ತೆ ಓದುವ ಹೆಂಗಸಿನ ಮುಂದಿನ ಹಲ್ಲು. ತಾತ್ಕಾಲಿಕ ಹಲ್ಲು ಹಾಕಿದ್ದಾರಂತೆ, ಓದುವಾಗ ನಡುನಡುವೆ ಸೀಟಿ ಊದಿದ ಹಾಗೆ ಆಗುತ್ತಿದೆಯಂತೆ. ಕಟಿಂಗ್ ಸೆಂಟರಿನವರು ಶನಿವಾರ ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ. ಅದರೊಳಗೆ ಗೆರೆ ಹೋಗಬೇಕು.

ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿಕೊಂಡ. ತೋರುಬೆರಳಿನಿಂದ ಬಾಣವನ್ನು ನಿಧಾನವಾಗಿ ಅಂಚಿಗೆ ತಂದ. ಉಸಿರು ಬಿಗಿಹಿಡಿದು ಒತ್ತಿದ.

ಗೆರೆ ಮುಗಿದಿತ್ತು.

ಅಳಿಸಿದ. ಮತ್ತೆ ತಂದ. ಒತ್ತಿದ. ಮುಗಿಯಿತು. ಇನ್ನೂ ಮೆತ್ತಗೆ ಒತ್ತಿದ. ಮುಗಿಯಿತು. ಜೋರಾಗಿ ಕುಟ್ಟಿದ. ಮುಗಿಯಿತು, ಜೊತೆಗೆ ಹಲ್ಲು ತಲೆಕೆಳಗಾಗಿ ತಿರುಗಿ ಒಸಡಿನ ಒಳಭಾಗ ತೋರಿಸತೊಡಗಿತು. "ಇದನ್ನ ಯಾರು ಕೇಳಿದ್ರು ನಿನ್ನ?" ಎಂದು ಮೇಸ್ತ್ರಿ ಪರದೆಗೆ ಬೈದ. ಹಲ್ಲನ್ನು ನೆಟ್ಟಗೆ ಮಾಡಲು ಹೋಗಿ ಮೂರು ಬೆರಳು ತಗುಲಿತೋ ಏನೋ, ಎಲ್ಲವೂ ಮಾಯವಾಗಿ ನೀಲಿ ಪರದೆ ಮಾತ್ರ ಉಳಿಯಿತು. ಹುಡುಕಿ ಹುಡುಕಿ ಕೆಳಗಿನ ಸಾಲಿನಲ್ಲಿ ಹಲ್ಲಿನ ಗುರುತು ಕಂಡು ಅದನ್ನು ಒತ್ತಿದರೆ ಉದ್ದನೆಯ ಮೆನು ತೆರೆದುಕೊಂಡಿತು. ಇಂಗ್ಲಿಷಿನಲ್ಲಿ. ಅಕ್ಷರ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅದೂ ಮುಚ್ಚಿಕೊಂಡಿತು.

ಹೇಗೋ ಹಲ್ಲನ್ನು ಮತ್ತೆ ಪರದೆಗೆ ತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟಕ್ಕೆ ಕರೆದರೆ "ಬೇಡ" ಎಂದ. ಹೆಂಡತಿ ಒಬ್ಬಳೇ ಉಂಡು ಬಂದು ಚಕ್ರದ ಮುಂದೆ ಕೂತಳು. ಅವಳು ಏನೂ ಕೇಳಲಿಲ್ಲ, ಅದೇ ಅವನನ್ನು ಹೆಚ್ಚು ಕೆರಳಿಸಿತು.

"ಏನು, ನಗು ಬರ್ತಿದ್ಯಾ?"

"ನಾನೆಲ್ಲಿ ನಕ್ಕೆ?"

"ಒಳಗೊಳಗೇ."

"ಒಳಗಿನದಕ್ಕೂ ಲೆಕ್ಕ ಕೊಡಬೇಕಾ ನಿಮಗೆ?"

ಮೇಸ್ತ್ರಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಬಾಗಿಲ ಬಳಿ ಹೋಗಿ ಬೀದಿ ನೋಡುತ್ತಾ ನಿಂತ. ಟೈಲರು ಒಳಗಿನಿಂದ "ಏನು ಮೇಸ್ತ್ರಿ, ಇಲಿ ಬಂತಾ?" ಎಂದು ಕೂಗಿದ. ಅವನಿಗೆ ಹೇಳಬೇಕಾದ್ದನ್ನು ಹೇಳಿ ಮೇಸ್ತ್ರಿ ಒಳಗೆ ಬಂದ. ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಟಚ್‌ಪ್ಯಾಡಿನ ಕಪ್ಪು ಚೌಕ ಹೊಳೆಯುತ್ತಿತ್ತು. ಅದರ ಮೇಲೆ ಪ್ಲಾಸ್ಟರಿನ ಬಿಳಿ ಗುರುತುಗಳಿದ್ದವು. ಎಡಗಡೆ ಬೆರಳು ಓಡಾಡಿದ ಗೀರುಗಳು. ಅವುಗಳಿಂದ ದೂರ, ಬಲಗಡೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೂತು ದಪ್ಪಗಾದ ಒಂದು ಬಿಳಿ ಬೊಟ್ಟು.

"ಇದನ್ನ ಯಾರು ಮುಟ್ಟಿದ್ದು?" ಎಂದು ಮೇಸ್ತ್ರಿ ಗುಡುಗಿದ. "ನಾನು ಎದ್ದು ಹೋದ ತಕ್ಷಣ ಕೈ ಹಾಕಿದ್ಯಾ?"

ಹೆಂಡತಿ ಎರಡೂ ಕೈ ಎತ್ತಿ ತೋರಿಸಿದಳು. ಪಾಲಿಶ್ ಮಾಡುವ ಕೆಂಪು ಮೇಣ ಉಗುರಿನವರೆಗೂ ಹತ್ತಿತ್ತು. "ನಾನು ಮುಟ್ಟಿದ್ರೆ ಕೆಂಪಾಗಿರ್ತಿತ್ತು."

"ಮತ್ತೆ ಇದು?"

"ಬಿಳಿ ಕೈ ಯಾರದು ಈ ಮನೇಲಿ?"

ಅವಳು ಬಂದು ಮೇಜಿನ ಮಟ್ಟಕ್ಕೆ ಗಲ್ಲ ಇಟ್ಟು ಕುಕ್ಕರುಗಾಲಲ್ಲಿ ಕೂತಳು. "ಒತ್ತಿ ನೋಡೋಣ ಒಂದು ಸಲ."

ಒತ್ತಿದ.

"ಉಂಗುರ ಬೆರಳು" ಎಂದಳು.

"ಏನು ಉಂಗುರ ಬೆರಳು?"

"ಅದೂ ಬಂತು. ಇದಕ್ಕಿಂತ ಮೊದಲೇ ಬಂತು."

"ಇಲ್ಲ."

"ಇನ್ನೊಂದು ಸಲ ಒತ್ತಿ. ನೀವೂ ನೋಡಿ, ಪರದೆ ನೋಡಬೇಡಿ, ಕೈ ನೋಡಿ."

ಮೇಸ್ತ್ರಿ ಕೈ ನೋಡುತ್ತಾ ಒತ್ತಿದ. ತೋರುಬೆರಳು ಇಳಿಯುವ ಮೊದಲು ಉಂಗುರ ಬೆರಳು ತಾನಾಗಿ ಮಡಿಚಿಕೊಂಡು, ಇಳಿದು, ಗಟ್ಟಿಯಾಗಿ ಊರಿಕೊಂಡಿತು. ಬೇರೆ ಯಾರದೋ ಕೈ ನೋಡಿದ ಹಾಗಾಯಿತು ಅವನಿಗೆ. ಒಂದೇ ಬೆರಳು ಎಂದು ಬೀದಿ ಕೇಳುವ ಹಾಗೆ ಕೂಗಿದ್ದನಲ್ಲ!

ಗೊತ್ತಾಯಿತು, ಇನ್ನೇನು, ಎತ್ತಿ ಹಿಡಿದರಾಯಿತು ಎಂದುಕೊಂಡ. ಎತ್ತಿ ಹಿಡಿದರೆ ಇಡೀ ಕೈ ನಡುಗಿತು. ಚುಕ್ಕಿ ಒಸಡಿನ ಮೇಲೆ ಹೋಗಿ ಬಿತ್ತು. ಗಮನ ಅಂಚಿನ ಕಡೆ ಹೋದರೆ ಬೆರಳು ಕಳ್ಳನ ಹಾಗೆ ಮತ್ತೆ ಇಳಿಯುತ್ತಿತ್ತು. ಗಮನ ಬೆರಳಿನ ಕಡೆ ಇದ್ದರೆ ಅಂಚು ತಪ್ಪುತ್ತಿತ್ತು. ದಾರದಿಂದ ಅದನ್ನು ಅಂಗೈಗೆ ಕಟ್ಟಿ ನೋಡಿದ. ಪಕ್ಕದ ಬೆರಳುಗಳೂ ಮರಗಟ್ಟಿ ನಿಂತವು. ಎಡಗೈ ಪ್ರಯತ್ನಿಸಿದ, ಆ ಕೈಗೆ ಅನ್ನ ಕಲಸುವುದೂ ಗೊತ್ತಿರಲಿಲ್ಲ. ದಾರ ಕಿತ್ತು ಎಸೆದು, "ಥೂ ನಿನ್ನ!" ಎಂದು ಬೆರಳನ್ನೇ ಬೈದ.

"ಅವನಿಗೆ ಫೋನ್ ಮಾಡಿ" ಎಂದಳು ಹೆಂಡತಿ.

"ಯಾರಿಗೆ?"

"ಇನ್ಯಾರಿಗೆ? ಎರಡು ಬೆರಳಿನದನ್ನ ಆಫ್ ಮಾಡೋಕೆ ಏನಾದ್ರೂ ಇರತ್ತೆ. ಫೋನಲ್ಲಿ ಎಲ್ಲಾದಕ್ಕೂ ಇರಲ್ವಾ, ಹಾಗೆ."

"ನೀನು ಮಾಡು."

"ಬೆರಳು ನಿಮ್ಮದು, ಪಂತ ನಿಮ್ಮದು. ಬಾಯೂ ನಿಮ್ಮದೇ ಆಗಲಿ."

ಮೇಸ್ತ್ರಿ ಗಡಿಯಾರ ನೋಡಿದ. ನಲ್ಲಿ ನೋಡಿದ. ನಲ್ಲಿಯ ಕೆಳಗೆ ಬೆಳಿಗ್ಗೆ ಅವನೇ ಇಟ್ಟ ರಬ್ಬರ್ ಬಟ್ಟಲು ಬಾಯಿ ತೆರೆದು ಕೂತಿತ್ತು. ಕೊನೆಗೆ ಫೋನ್ ಎತ್ತಿದ.

"ಹೇಳಿ ಭಾವ. ಅಮ್ಮನಿಗೆ ಈಗ ಕಣ್ಣಿಗೆ ಹನಿ ಹಾಕಿದ್ದಾರೆ, ಸ್ವಲ್ಪ ಹೊತ್ತು ಆಗತ್ತೆ."

"ಅದಲ್ಲ." ಮೇಸ್ತ್ರಿ ಹೆಂಡತಿಗೆ ಬೆನ್ನು ತಿರುಗಿಸಿದ. "ಎರಡು ಬೀಳ್ತಿದೆ."

"ಏನು?"

"ಬೆರಳು. ಎರಡು ಬೀಳ್ತಿದೆ. ಉಂಗುರ ಬೆರಳು ಊರಿಕೊಳ್ತಿದೆ."

ಆಚೆ ಆಸ್ಪತ್ರೆಯಲ್ಲಿ ಯಾರದೋ ಹೆಸರು ಕೂಗುವುದು ಕೇಳಿಸಿತು.

"ಕೇಳಿಸ್ತಾ?"

"ಗೊತ್ತು ಭಾವ."

"ಏನು ಗೊತ್ತು?"

"ಉಂಗುರ ಬೆರಳು ಅಂತ. ನಾನೇ ಅಲ್ವಾ ದಿನಾ ಒರೆಸೋದು? ಎರಡು ಗುರುತು ಇರ್ತಿತ್ತು. ಎರಡು ಬೀಳ್ತಿದೆ ಅಂತ ಹೇಳಿದೆ, ನೀವು ಡಬ್ಬಿ ಕುಕ್ಕಿದ್ರಿ."

"ಎರಡು ಅಂದೆ. ಯಾವ ಬೆರಳು ಅಂತ ಹೇಳಿದ್ಯಾ?"

ಆಚೆ ಮತ್ತೊಂದು ಹೆಸರು ಕೂಗಿದರು. ಮೇಸ್ತ್ರಿಯೇ ಮುಂದುವರಿಸಿದ.

"ಅದನ್ನ ಆರಿಸೋಕೆ ಬರತ್ತಾ? ಎರಡು ಬಿದ್ರೂ ಒಂದೇ ಅಂದ್ಕೊಳ್ಳೋ ಹಾಗೆ ಮಾಡೋಕೆ?"

"ಬರತ್ತೆ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು ಭಾವ." ಅವನ ದನಿ ಇಳಿಯಿತು. "ನನಗೂ ಆ ಕುರ್ಚಿ ಬೇಕಿತ್ತು. ನಲ್ಲಿ ಹತ್ತಿರ ನಿಂತು ನಿಂತು ಸಾಕಾಗಿದೆ ನನಗೆ."

ಮೇಸ್ತ್ರಿಯ ಬಾಯಿಗೆ ಬಂದ ಮಾತು ಬಹಳ ಕೆಟ್ಟದ್ದು. ಫೋನ್ ಗೋಡೆಗೆ ಹೋಗುವುದರಲ್ಲಿತ್ತು. ಹೆಂಡತಿ ಅವನ ಮಣಿಕಟ್ಟು ಹಿಡಿದು, "ಬೈಯೋದು ಸಂಜೆಗೆ ಇಟ್ಕೊಳ್ಳಿ. ಮೊದಲು ಕೇಳಿ" ಎಂದು, ಫೋನ್ ಕಿತ್ತುಕೊಂಡು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. "ಹೇಳೋ ತಮ್ಮ. ಎಲ್ಲಿ ಒತ್ತಬೇಕು?"

"ಅಕ್ಕ? ನೀನೂ ಕೇಳ್ತಿದ್ದೀಯಾ?"

"ಎಲ್ಲಾ ಕೇಳಿದೆ. ಹೇಳು."

ಅವನು ಹೇಳತೊಡಗಿದ. ಕೆಳಗಿನ ಮೂಲೆಯ ಗುರುತು, ಅದರೊಳಗೆ ಹಲ್ಲುಚಕ್ರದಂಥ ಇನ್ನೊಂದು ಗುರುತು. ಆದರೆ ಆರಿಸುವ ಜಾಗಕ್ಕೆ ಹೋಗುವುದೂ ಒತ್ತಿಕೊಂಡೇ ಹೋಗಬೇಕಲ್ಲ. ಮೇಸ್ತ್ರಿ ಒತ್ತಿದಲ್ಲೆಲ್ಲ ಬೇಡದ ಮೆನು ಎದ್ದು ನಿಂತಿತು.

"ನನ್ನ ಕೈಯೇ ನನಗೆ ಶತ್ರು ಆಗಿಬಿಡ್ತಲ್ಲ!"

ಹೆಂಡತಿ ಕೆಂಪು ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಉಂಗುರ ಬೆರಳನ್ನು ತನ್ನ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿದಳು, ತಂಟೆಯ ಮೇಕೆಯ ಕಿವಿ ಹಿಡಿದ ಹಾಗೆ. "ಈಗ ಒತ್ತಿ."

"ನೋವಾಗತ್ತೆ!"

"ಆಗಲಿ. ಒತ್ತಿ."

ಒತ್ತಿದ. ಮೆನು ಬರಲಿಲ್ಲ, ಬರಬೇಕಾದ ಜಾಗ ತೆರೆಯಿತು. ಆ ಬೆರಳು ಅವಳ ಹಿಡಿತದಲ್ಲಿ ಇಳಿಯಲು ಹೆಣಗುವುದು ಅವನಿಗೇ ತಿಳಿಯುತ್ತಿತ್ತು. "ಇನ್ನೂ ಕೆಳಗೆ ಹೋಗಿ ಭಾವ. ಟಚ್‌ಪ್ಯಾಡ್ ಅಂತ ಇರತ್ತೆ, ಟಿ ಅಕ್ಷರದಿಂದ ಶುರು." "ನನಗೆ ಟಿ ಗೊತ್ತು!" "ಅದರೊಳಗೆ ಎರಡು ಬೆರಳಿನ ಚಿತ್ರ ಇದ್ಯಲ್ಲ, ಅದರ ಮುಂದಿನ ಸರಿ ಗುರುತು ತೆಗೀರಿ." ತೆಗೆದ. "ಅಷ್ಟೇ. ಇನ್ನು ಗೆರೆ ಮುಗಿಸೋಕೆ ಎಂಟರ್ ಒತ್ತಿ."

"ಅಷ್ಟೇನಾ?"

"ಅಷ್ಟೇ ಭಾವ."

ಇಷ್ಟು ದಿನ ಹಲ್ಲು ಕಡಿದದ್ದು, ಡಬ್ಬಿ ಕುಕ್ಕಿದ್ದು, ಹೊಟ್ಟೆ ಖಾಲಿ ಬಿಟ್ಟದ್ದು, ಎಲ್ಲ ಈ ಒಂದು ಸರಿ ಗುರುತಿಗೆ! ಮೇಸ್ತ್ರಿ ಉತ್ತರ ಕೊಡದೆ ಫೋನ್ ಆರಿಸಿದ.

ಆಮೇಲೆ ಬೆರಳನ್ನು ಬಿಟ್ಟುಕೊಟ್ಟ. ಅದು ಹೋಗಿ ತನ್ನ ಜಾಗದಲ್ಲಿ ಊರಿಕೊಂಡಿತು. ತೋರುಬೆರಳು ಒತ್ತಿತು. ಚುಕ್ಕಿ ಬಿತ್ತು. ಪಕ್ಕದಲ್ಲಿ ಇನ್ನೊಂದು ಬಿತ್ತು. ಸಿಟ್ಟು ಇಳಿದಿರಲಿಲ್ಲವಾದ್ದರಿಂದ ಸುತ್ತು ಬೇಗ ಬೇಗ ಸಾಗಿತು. ನಾಲಿಗೆಯ ಕಡೆ ಹಲ್ಲು ತಿರುಗಿಸುವಾಗ ಒಂದೆರಡು ಸಲ ಅದು ಮತ್ತೆ ಗುಡ್ಡವಾಗಿ ಓಡಿಹೋಯಿತು. ಎಳೆದು ತಂದ. ಗಡಿಯಾರ ನೋಡಬೇಡ ಎಂದರೂ ಕಣ್ಣು ಅತ್ತ ಹೋಗುತ್ತಿತ್ತು. ಕಟಿಂಗ್ ಸೆಂಟರಿಗೆ ಗೆರೆ ಹೋದಾಗ ಅವರು ಇನ್ನೇನು ಬಾಗಿಲು ಹಾಕುವುದರಲ್ಲಿದ್ದರು. ಬಂತು ಎಂದು ಸಂದೇಶ ಬಂತು. ಮೇಸ್ತ್ರಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನ ಫೋನು.

"ಮೇಸ್ತ್ರಿ, ಸೆಂಟರಿನವರು ಗೆರೆ ಕಳಿಸಿದ್ರು, ನೋಡಿದೆ. ನೀವೇ ಹಾಕಿದ್ದಾ?"

"ಹೌದಮ್ಮ."

"ಪರವಾಗಿಲ್ಲ. ಹಿಂದುಗಡೆ ಒಂದು ಕಡೆ ಸ್ವಲ್ಪ ಒಳಗೆ ಹೋಗಿದೆ. ನಿಮ್ಮ ಭಾವಮೈದ ಹಾಕೋ ಥರ ಇಲ್ಲ. ಆದ್ರೂ ನಡೆಯುತ್ತೆ."

ನಡೆಯುತ್ತೆ! ಮೇಣದಲ್ಲಿ ಇಷ್ಟು ವರ್ಷ ಅವನ ಕೆಲಸಕ್ಕೆ ಯಾರೂ ಆ ಮಾತು ಆಡಿರಲಿಲ್ಲ. ಕುರ್ಚಿ ಉಳಿದಿತ್ತು, ಆದರೆ ಅದರ ಕೆಳಗೆ ಯಾರೋ ಮುಳ್ಳು ಇಟ್ಟ ಹಾಗಿತ್ತು.

ಸಂಜೆ ಭಾವಮೈದ ತಾಯಿಯ ಕೈ ಹಿಡಿದು ಬಂದ. ಕಪ್ಪು ಕನ್ನಡಕ ಹಾಕಿಕೊಂಡಿದ್ದ ತಾಯಿಯನ್ನು ಹೆಂಡತಿ ಒಳಗೆ ಕರೆದುಕೊಂಡು ಹೋದಳು. ಮೇಸ್ತ್ರಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅತ್ತೆ ಒಳಗಿದ್ದುದರಿಂದ ಕೂಗುವ ಹಾಗಿರಲಿಲ್ಲ, ಮೆತ್ತಗೆ ಮಾತಾಡಿದ. ಅವನ ಮೆತ್ತಗಿನ ಮಾತು ಕೂಗಿಗಿಂತ ಕೆಟ್ಟದ್ದು.

"ಕುರ್ಚಿ ಬೇಕಿದ್ರೆ ಕೇಳಬೇಕಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

ಮೇಸ್ತ್ರಿ ಯೋಚಿಸಿದ. "ಕೊಡ್ತಿರಲಿಲ್ಲ."

"ಅದಕ್ಕೇ."

"ಅದಕ್ಕೇ ಅಂತ ನನ್ನ ಬೆರಳು ಕಂಡೂ ಸುಮ್ಮನಿರ್ತೀಯಾ? ನನ್ನನ್ನ ದಡ್ಡ ಮಾಡಿ ನಿಲ್ಲಿಸ್ತೀಯಾ?"

ಭಾವಮೈದ ತಲೆ ಬಗ್ಗಿಸಿದ. "ಅದು ತಪ್ಪಾಯ್ತು" ಎಂದ. "ಕುರ್ಚಿ ಬೇಕು ಅನ್ನೋದು ತಪ್ಪಲ್ಲ" ಎಂದೂ ಸೇರಿಸಿದ.

ಮೇಸ್ತ್ರಿ ಟಚ್‌ಪ್ಯಾಡಿನ ಬಿಳಿ ಬೊಟ್ಟನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದ. "ಒಳಗೆ ಹೋಗಿದೆಯಂತೆ. ಎಲ್ಲಿ?"

ಭಾವಮೈದ ಬಗ್ಗಿ ಹಲ್ಲು ತಿರುಗಿಸಿ ನೋಡಿದ. "ಇಲ್ಲಿ ಭಾವ. ಕೂದಲೆಳೆಯಷ್ಟು."

"ಕೂದಲೆಳೆ ಅಂದ್ರೆ ಸಣ್ಣದಾ ನಮ್ಮ ಕೆಲಸದಲ್ಲಿ?"

"ಅಲ್ಲ."

"ಸೋಮವಾರ ಇದನ್ನ ಸರಿ ಹಾಕೋದು ತೋರಿಸು. ನಾನು ಬೆಳಿಗ್ಗೆ ಕೂರ್ತೀನಿ. ಮಧ್ಯಾಹ್ನದ ಮೇಲೆ..." ಮೇಸ್ತ್ರಿ ಕಿಟಕಿಯ ಕಡೆ ನೋಡುತ್ತಾ ಮಾತನ್ನು ಹೊರಗೆ ದಬ್ಬಿದ. "ಮಧ್ಯಾಹ್ನದ ಮೇಲೆ ನೀನು ಕೂರು."

"ಮತ್ತೆ ಪ್ಲಾಸ್ಟರ್?"

"ಯಾರು ಕೂತಿಲ್ವೋ ಅವರು."

ಒಳಗಿನಿಂದ ಹೆಂಡತಿ ಕೂಗಿ ಕೇಳಿದಳು, "ಏನಂದ್ರಿ? ಜೋರಾಗಿ ಹೇಳಿ, ಇಲ್ಲಿಗೆ ಕೇಳಿಸ್ತಿಲ್ಲ!"

"ಏನೂ ಇಲ್ಲ!" ಎಂದು ಮೇಸ್ತ್ರಿ ಅರಚಿದ.

ಭಾವಮೈದ ನಗದಿರಲು ಬಹಳ ಪ್ರಯತ್ನಪಟ್ಟ. "ಮಧ್ಯಾಹ್ನ ನಾನು ಕೂತಾಗ ಎರಡು ಬೆರಳಿನದನ್ನ ಹಾಕ್ಕೋತೀನಿ ಭಾವ. ನನಗೆ ಅದಿಲ್ದೆ ಆಗಲ್ಲ. ಬೆಳಿಗ್ಗೆ ನೀವು ತೆಕ್ಕೊಳ್ಳಿ. ಸುಲಭ, ಈಗ ಕಲಿತಿದ್ದೀರಲ್ಲ."

"ದಿನಾ? ಪ್ರತಿ ದಿನಾ ನಿಮ್ಮ ಅಕ್ಕನ ಕೈಯಲ್ಲಿ ಬೆರಳು ಹಿಡಿಸ್ಕೊಂಡು ಆ ಮೂಲೆಯೆಲ್ಲ ಸುತ್ತಬೇಕಾ ನಾನು?" ಮೇಸ್ತ್ರಿಯ ದನಿ ಮತ್ತೆ ಬೀದಿ ಮುಟ್ಟಿತು. "ಹಾಕಿದೋನು ನೀನು, ತೆಗೆಯೋನೂ ನೀನೇ! ಸಂಜೆ ಏಳುವಾಗ ತೆಗೆದಿಟ್ಟು ಏಳು. ಮರೆತ್ಯೋ, ಈ ಕುರ್ಚಿ ಕಡೆ ತಲೆ ಹಾಕಿಯೂ ಮಲಗಬೇಡ!"